ಪಕ್ಕದ ಮಂಟಪದ ಗಟ್ಟಿಮೇಳ

ಮದುವೆಮನೆಯಲ್ಲಿ ಯಾರಾದರೂ ತಟ್ಟೆ ಹಿಡಿದು ಬಂದು ಅಂಗೈಗೆ ಅಕ್ಷತೆ ಹಾಕಿದರೆ ನನ್ನ ಕಣ್ಣು ಮೊದಲು ಹೋಗುವುದು ಸ್ಪೀಕರ್ ಬಾಕ್ಸಿನ ಕಡೆಗೆ, ಆಮೇಲೆ ವರನ ಕೈಗೆ. ತಾಳಿ ಅವನ ಕೈಯಲ್ಲಿರುವುದನ್ನು ಕಣ್ಣಾರೆ ನೋಡದೆ ನಾನು ಒಂದು ಕಾಳನ್ನೂ ಹಾಕುವವನಲ್ಲ. ಕಳೆದ ವಾರವೂ ಹಾಗೇ ಕತ್ತು ಉದ್ದ ಮಾಡಿ ನಿಂತಿದ್ದೆ. ಪಕ್ಕದಲ್ಲಿದ್ದ ಅಕ್ಕ ಮೊಣಕೈಯಿಂದ ತಿವಿದು, "ಸಾಕು ಮಾರಾಯ, ಇದು ನನ್ನ ಮದುವೆ ಅಲ್ಲ" ಎಂದಳು.

ಅಕ್ಕನ ಮದುವೆ ನಡೆದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ನಾವು ಭದ್ರಾವತಿಯವರು. ಆ ಲಗ್ನಕ್ಕೆ ನಮ್ಮೂರಿನ ಮಂಟಪಗಳೆಲ್ಲ ಭರ್ತಿಯಾಗಿ, ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಸಿಕ್ಕಿತು. ಕಾಂಪೌಂಡಿನಾಚೆ ಇನ್ನೊಂದು ಮಂಟಪ, ಅಲ್ಲೂ ಮದುವೆ. ಇದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಎಲ್ಲರ ಪಂಚಾಂಗವೂ ಒಂದೇ ಮುಹೂರ್ತವನ್ನು ಒಳ್ಳೆಯದೆಂದ ಮೇಲೆ ಇಡೀ ಊರಿಗೆ ಒಟ್ಟಿಗೇ ಮದುವೆ.

ಆ ಸಂಬಂಧ ಸುಲಭಕ್ಕೆ ಕೂಡಿಬಂದದ್ದಲ್ಲ. ಅದಕ್ಕೂ ಹಿಂದಿನದೊಂದು, ನಿಶ್ಚಿತಾರ್ಥದ ದಿನ ದೀಪ ಆರಿತೆಂಬ ಕಾರಣಕ್ಕೆ ಮುರಿದುಹೋಗಿತ್ತು. ಫ್ಯಾನ್ ಹಾಕಿದವರು ಗಂಡಿನ ಕಡೆಯವರೇ, ಅಪಶಕುನ ಮಾತ್ರ ಅಕ್ಕನ ತಲೆಗೆ ಬಂತು. ಅಂದಿನಿಂದ ಅವಳು ಶುಭಕಾರ್ಯಗಳಲ್ಲಿ ಹಿಂದಿನ ಸಾಲು ಹುಡುಕಿ ಕೂರತೊಡಗಿದ್ದಳು. ಈ ಸಲ ಅಮ್ಮ ದೀಪಕ್ಕೆ ಗಾಳಿ ತಾಗದಂತೆ ಸುತ್ತ ಗಾಜು ಇಡಿಸಿದ್ದಳು. ಗಾಳಿಯಲ್ಲಿ ಬೇರೇನೋ ಬಂದೀತೆಂದು ಯಾರಿಗೆ ಗೊತ್ತಿತ್ತು!

ಜೋಯಿಸರಿಗೆ ಕಾರ್ಡ್‌ಲೆಸ್ ಮೈಕ್ ಹೊಸತು. ಮೈಕ್‌ಸೆಟ್ಟಿನ ಸೆಲ್ವಣ್ಣ ಅದನ್ನು ಅವರ ಶಲ್ಯಕ್ಕೆ ಸಿಕ್ಕಿಸಿದ. ವೈರಿಲ್ಲದೆ ಮಾತು ಬಾಕ್ಸಿಗೆ ಹೇಗೆ ಹೋಗುತ್ತದೆಂದು ತಿಳಿಯುವ ಆಸೆಗೆ ನಾನು ಬೆಳಗಿನಿಂದ ಅವನ ಬೆನ್ನು ಬಿಟ್ಟಿರಲಿಲ್ಲ.

"ರೇಡಿಯೋ ಥರಾನೇ ಸಾರ್. ಇವ್ರು ಸ್ಟೇಷನ್ನು, ಆ ಡಬ್ಬಿ ರೇಡಿಯೋ."

"ಒಂದೇ ಜಾಗದಲ್ಲಿ ಎರಡು ಸ್ಟೇಷನ್ ಬಂದ್ರೆ?"

"ಯಾಕ್ ಸಾರ್ ಬರತ್ತೆ?" ಎಂದು ನಕ್ಕುಬಿಟ್ಟ.

ಮಾಂಗಲ್ಯವನ್ನು ತಟ್ಟೆಯಲ್ಲಿಟ್ಟು ಹಿರಿಯರಿಗೆಲ್ಲ ಮುಟ್ಟಿಸಲು ಚಿಕ್ಕಮ್ಮ ಸಭೆಯೊಳಗೆ ಹೊರಟಿದ್ದಳು. ಆಗ ಜೋಯಿಸರ ಮಂತ್ರದ ನಡುವೆ ಇನ್ನೊಂದು ಮಂತ್ರ ತೂರಿತು. ಮೊದಲು ಗೊರಗೊರ, ಆಮೇಲೆ ಎರಡು ದನಿಗಳು ಒಂದರ ಕಾಲನ್ನೊಂದು ತುಳಿದ ಹಾಗೆ. ಕೊನೆಗೆ ನಮ್ಮವರ ದನಿಯೇ ಮುಳುಗಿ, ಬಾಕ್ಸಿನಿಂದ ಸ್ಪಷ್ಟವಾಗಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಬಂತು. ಯಾರು ಹೇಳಿದರೆಂದು ಡೋಲಿನವನು ನೋಡುತ್ತಾನೆಯೇ? ಬಾರಿಸಿಯೇಬಿಟ್ಟ. ಇಡೀ ಸಭೆ ಎದ್ದು ಅಕ್ಷತೆ ಎರಚಿತು. ನಾನೂ ಎರಚಿದೆ, ಎಲ್ಲರಿಗಿಂತ ಜೋರಾಗಿ. ತಾಳಿ ಇನ್ನೂ ಚಿಕ್ಕಮ್ಮನ ತಟ್ಟೆಯಲ್ಲಿ, ಹೆಂಗಸರ ಸಾಲಿನ ಮಧ್ಯೆ ಇತ್ತು.

ತಮಾಷೆ ನೋಡಿ. ಆ ಗಳಿಗೆಯಲ್ಲಿ ಸೀನು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದೇ ನಮ್ಮವರು ಗಟ್ಟಿಮೇಳ ಇಟ್ಟುಕೊಂಡಿದ್ದು. ಬೇಡದ ಸದ್ದನ್ನು ಇನ್ನೂ ದೊಡ್ಡ ಸದ್ದಿನಿಂದ ಅಡಗಿಸುವ ಉಪಾಯ. ಡೋಲು ನಿಂತದ್ದೇ ತಡ, ಬೇಡದ ಮಾತು ಬಿದ್ದೇಬಿಟ್ಟಿತು.

"ತಾಳಿ ಕಟ್ಟೋಕೆ ಮುಂಚೆನೇ ಅಕ್ಷತೆ ಬಿತ್ತಲ್ರೀ! ಇದೆಂಥ ಲಕ್ಷಣ? ಬೇರೆ ಮುಹೂರ್ತ ನೋಡೋದೇ ಒಳ್ಳೇದು," ಎಂದರು ವರನ ಸೋದರತ್ತೆ.

ಅಕ್ಕ ತಲೆ ತಗ್ಗಿಸಿದಳು. ಮತ್ತೆ ಹಿಂದಿನ ಸಾಲಿಗೆ ಹೋಗಿ ಕೂತುಬಿಡುತ್ತಾಳೆಂದು ನನಗೆ ನಿಜಕ್ಕೂ ಭಯವಾಯಿತು.

ಸೆಲ್ವಣ್ಣ ಓಡಿಬಂದು ಮೈಕಿನ ಸೆಲ್ ಬದಲಿಸಿದ. "ಸೆಲ್ ವೀಕಾಗಿತ್ತು ಸಾರ್. ಪಕ್ಕದಲ್ಲೂ ಇದೇ ಮೈಕು. ಡಬ್ಬಿಗೆ ಯಾರು ಜೋರೋ ಅವರೇ ಜೋಯಿಸ್ರು!" ಅಂಥ ಹೊತ್ತಿನಲ್ಲೂ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಒಳಗೊಳಗೇ ಖುಷಿಯಾಯಿತು ಎಂದರೆ ನೀವು ಬೈಯಬಾರದು.

ಜೋಯಿಸರು ಮಾತ್ರ ಗಾಬರಿಯಾಗಲಿಲ್ಲ. ಆಚೆಯ ದನಿ ಉಸಿರೆಳೆದುಕೊಳ್ಳಲು ನಿಲ್ಲುವುದನ್ನೇ ಕಾದು, ಮೈಕಿನಲ್ಲಿ ಹೇಳಿದರು: "ಪಕ್ಕದ ಮಂಟಪದ ಪುರೋಹಿತರೇ, ನಿಮ್ಮ ಗಟ್ಟಿಮೇಳಕ್ಕೆ ನಮ್ಮವರೂ ಅಕ್ಷತೆ ಹಾಕ್ಬಿಟ್ಟಿದಾರೆ. ನಮ್ಮದು ಇನ್ನೂ ಆಗ್ಬೇಕು, ಮುಹೂರ್ತ ಮೀರ್ತಾ ಇದೆ. ನಿಮ್ಮ ಮೈಕ್ ಸ್ವಲ್ಪ ನಿಲ್ಲಿಸ್ತೀರಾ?"

ಹೊಸ ಸೆಲ್ಲಿನ ಬಲಕ್ಕೆ ಆ ಮಾತು ಆಚೆಯ ಬಾಕ್ಸಿಗೂ ಹೋಗಿತ್ತು. ಆಮೇಲೆ ಆಚೆಯ ದನಿ ಬಂತು. "ಧಾರಾಳವಾಗಿ! ನಿಮ್ಮ ಆಶೀರ್ವಾದ ನಮ್ಮ ಮಕ್ಕಳಿಗೆ ಬಂತು ಅಂದ್ಕೊಳ್ತೀವಿ. ಅಂದ ಹಾಗೆ, ನಿಮ್ಮಲ್ಲಿ ಅಕ್ಷತೆ ಉಳಿದಿದೆಯೋ?"

ಉಳಿದಿರಲಿಲ್ಲ. ಬಿದ್ದದ್ದನ್ನು ಆರಿಸಿ ಹಾಕುವ ಹಾಗೂ ಇಲ್ಲ. ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಒಂದು ತಟ್ಟೆ ಈಚೆ ದಾಟಿತು. ಯಾರ ಮನೆಯ ಅಕ್ಷತೆಯೋ, ನಮ್ಮದಕ್ಕಿಂತ ಅರಿಶಿನ ಜಾಸ್ತಿ. "ಮೊದಲು ಬಿದ್ದಿದ್ದು ಅವರ ಲೆಕ್ಕಕ್ಕೆ ಅನ್ನೋದಾದ್ರೆ ಸರಿ ಬಿಡಿ," ಎಂದು ಗೊಣಗುತ್ತಲೇ ಸೋದರತ್ತೆ ಮೊದಲ ಹಿಡಿ ತೆಗೆದುಕೊಂಡರು.

ಆಚೆಯ ಮೈಕ್ ನಿಂತಿತ್ತು. ಈಗ ಎರಡೂ ಮಂಟಪಗಳ ಬಾಕ್ಸಿಗೆ ನಮ್ಮ ಜೋಯಿಸರೊಬ್ಬರೇ. ಅವರು "ಗಟ್ಟಿಮೇಳ" ಎಂದಾಗ ನಮ್ಮ ಡೋಲಿನ ಜೊತೆಗೇ ಕಾಂಪೌಂಡಿನಾಚೆಯ ಡೋಲೂ ಮೊಳಗಿತು. ಅಕ್ಕ ಆಗ ತಲೆ ಎತ್ತಿದಳು.

ಆಚೆಯ ಮದುಮಗಳು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.

ಕಳೆದ ವಾರ ನಾನು ಕತ್ತು ಉದ್ದ ಮಾಡಿ ನಿಂತಿದ್ದೆನಲ್ಲ, ಆಗ ರಸ್ತೆಯಾಚೆಯ ಮಂಟಪದಲ್ಲಿ ಗಟ್ಟಿಮೇಳ ಮೊಳಗಿತು. ನಮ್ಮಲ್ಲಿನ್ನೂ ತಾಳಿಯ ತಟ್ಟೆಯೇ ಹೊರಟಿರಲಿಲ್ಲ. ಅಕ್ಕ ಅಂಗೈಯಲ್ಲಿದ್ದ ಅಕ್ಷತೆಯಲ್ಲಿ ಅರ್ಧವನ್ನು ಕಿಟಕಿಯಿಂದಾಚೆ ಎರಚಿದಳು.

"ಯಾರಿಗೇ ಅದು?" ಎಂದೆ.

"ಯಾರಿಗೋ. ನಂಗೆ ಅವತ್ತು ಕೊಟ್ಟು ಕಳಿಸಿದವರಿಗೆ ಗೊತ್ತಿತ್ತಾ, ನಾನು ಯಾರು ಅಂತ?"

ನಾನೂ ಕಿಟಕಿಗೆ ಹೋಗಿ ಎರಚಿದೆ. ತಾಳಿ ಯಾರ ಕೈಯಲ್ಲಿದೆಯೆಂದು ನೋಡಲಿಲ್ಲ.