ಇಡೀ ಮನೆಗೊಂದೇ ಅಕೌಂಟು

ನಮ್ಮ ಮನೆಯಲ್ಲಿರುವ ಫೋನು, ಲ್ಯಾಪ್‌ಟಾಪು, ಅತ್ತೆಯ ಟ್ಯಾಬ್ಲೆಟ್ಟು, ಟಿವಿ, ಇಷ್ಟಕ್ಕೂ ಸೇರಿ ಅಕೌಂಟು ಒಂದೇ. "ಗ್ಯಾಸ್ ಕನೆಕ್ಷನ್ ಒಂದೇ ಅಲ್ವಾ ಇರೋದು? ಹಂಗೇ ಇದೂ" ಎಂಬುದು ನನ್ನ ಗಂಡನ ವಾದ.

ಇದರ ಸುಖ ಕೇಳಿ. ನಾನು ಫೋನಿನಲ್ಲಿ ಅರ್ಧ ಓದಿಟ್ಟ ಮಂಡಿನೋವಿನ ಲೇಖನ ಇವರ ಆಫೀಸ್ ಮೀಟಿಂಗಿನ ನಡುವೆ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುತ್ತದೆ. ಅತ್ತೆಯ ಧಾರಾವಾಹಿ ನನ್ನ ಪಾಠದ ಸ್ಲೈಡುಗಳ ಮೇಲೆ ಬಂದು ಅಳುತ್ತದೆ. ಒಂದರಲ್ಲಿ ಶುರುಮಾಡಿದ್ದನ್ನು ಇನ್ನೊಂದರಲ್ಲಿ ಮುಂದುವರಿಸಬಹುದು ಎಂಬ ಈ ಸೌಕರ್ಯ ಕಂಡುಹಿಡಿದ ಪುಣ್ಯಾತ್ಮ ಒಂಟಿಯಾಗಿ ಬದುಕುವವನೇ ಇರಬೇಕು. ಸಹಕಾರನಗರದ ನಮ್ಮ ಮನೆಯಲ್ಲಿ ಒಂದು ವಾರ ಇದ್ದಿದ್ದರೆ ಅವನೇ ಅದನ್ನು ಕಿತ್ತೆಸೆಯುತ್ತಿದ್ದ.

ಇನ್ನು ಅತ್ತೆ. ಅಮೃತಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆಯವರು. ಅವರ ಬಾಯಲ್ಲಿ ಅಕ್ಕಿ ಮುಗಿಯುವುದಿಲ್ಲ, "ಎಚ್ಚಾಗ್ತದೆ". ದೀಪ ಆರುವುದಿಲ್ಲ, "ದೊಡ್ಡದಾಗ್ತದೆ". ಬೆಳಗಿನ ಹೊತ್ತು ಮನೆಯೊಳಗೆ ಇಲ್ಲ, ಬೇಡ ಎನ್ನಬಾರದು. ಟ್ಯಾಬ್ಲೆಟ್ಟು ಏನಾದರೂ ಕೇಳಿ "ಹೌದು", "ಬೇಡ" ಎಂದು ತೋರಿಸಿದರೆ ಅವರು ಒತ್ತುವುದು ಹೌದನ್ನೇ. ಹಾಗೆ ಏನೇನಕ್ಕೆ ಒಪ್ಪಿಕೊಂಡಿದ್ದಾರೋ ಆ ಶಿವನೇ ಬಲ್ಲ.

ನಾನು ಯಲಹಂಕದ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಚರಿತ್ರೆಯ ಅತಿಥಿ ಉಪನ್ಯಾಸಕಿ. ಪ್ರತಿವರ್ಷವೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಕೊನೆಗೊಮ್ಮೆ ಬೇರೊಂದು ಕಾಲೇಜಿನಿಂದ ಕಾಯಂ ಹುದ್ದೆಗೆ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂತು. ನನ್ನ ವಯಸ್ಸಿಗೆ ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ಗೊತ್ತಿತ್ತು. "ಯಾರು ಬಂದ್ರೂ ಆಮೇಲ್ ಬನ್ನಿ ಅನ್ನಿ ಅತ್ತೆ" ಎಂದು ಹೇಳಿ, ಕೋಣೆಯ ಚಿಲಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ.

ಚೆನ್ನಾಗಿಯೇ ನಡೆಯುತ್ತಿತ್ತು. ಊರಿನ ಕೆರೆಗಳ ಚರಿತ್ರೆಯನ್ನು ಹೇಗೆ ಪಾಠ ಮಾಡುತ್ತೀರಿ ಎಂದು ಕೇಳಿದರು. ನನಗೆ ಪ್ರಿಯವಾದ ವಿಷಯ, ಹುರುಪಿನಿಂದ ಹೇಳುತ್ತಿದ್ದೆ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಈ ಕರೆ ಇನ್ನೊಂದು ಸಾಧನದಲ್ಲಿ ಮುಂದುವರಿಯುತ್ತಿದೆ ಎಂಬ ಸಾಲು ಬಂತು. ಅಡುಗೆಮನೆಯಿಂದ ಸಂದರ್ಶಕರ ಧ್ವನಿ ಕೇಳಿಸಿತು.

"ಅಮ್ಮಾ, ನೀವ್ಯಾರು?"

"ನಾನಾ? ಅತ್ತೆ. ತಿಂಡಿ ಆಯ್ತಾ ಸ್ವಾಮಿ?"

ಚಿಲಕ ತೆಗೆದು ಓಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಟ್ಯಾಬ್ಲೆಟ್ಟಿಗೆ ಹೇಳುತ್ತಿದ್ದರು: "ಅವ್ಳು ಇಂಟ್ರ್ಯೂನಾಗವ್ಳೆ. ಮಾತಾಡಂಗಿಲ್ಲ. ಆಮೇಲ್ ಬನ್ನಿ." ನಾನು ಕೈ ಚಾಚುವಷ್ಟರಲ್ಲಿ ಕೆಂಪು ಗುಂಡಿ ಒತ್ತಿಬಿಟ್ಟರು.

ಮತ್ತೆ ಸೇರಿಕೊಳ್ಳುವ ಹೊತ್ತಿಗೆ ಅವರು ಮುಂದಿನ ಅಭ್ಯರ್ಥಿಯನ್ನು ಕರೆದಾಗಿತ್ತು. "ಸಾಕಮ್ಮ, ತಿಳಿಸ್ತೀವಿ" ಎಂದರು.

ಆವತ್ತು ನಾನು ಕೂಗಾಡಿದ್ದು ಪಕ್ಕದ ಬೀದಿಗೂ ಕೇಳಿಸಿರಬೇಕು. "ಒಂದ್ಸಲ ಬೇಡ ಅಂತ ಒತ್ತೋಕೆ ಏನ್ ಕಷ್ಟ ನಿಮಗೆ?" ಅತ್ತೆ ಮುಖ ಸಣ್ಣದು ಮಾಡಿಕೊಂಡು, "ನೀನೇ ಅಲ್ವಾ ಆಮೇಲ್ ಬನ್ನಿ ಅನ್ನಿ ಅಂದಿದ್ದು" ಎಂದರು. ಅದು ಕೇಳಿ ನನ್ನ ಸಿಟ್ಟು ಇನ್ನೂ ಏರಿತು.

ಕೆಲವು ದಿನಗಳ ನಂತರ ಕ್ಲಾಸ್ ಮುಗಿಸಿ ಬರುವಾಗ ಯಲಹಂಕದ ಟ್ರಾಫಿಕ್ಕಿನಲ್ಲಿ ಗಂಡನ ಫೋನ್ ಬಂತು. "ಬೇಜಾರ್ ಮಾಡ್ಕೋಬೇಡ. ಬೇರೆಯವ್ರನ್ನ ತಗೊಂಡಿದಾರಂತೆ. ಈಗ ಮೇಲ್ ಓದ್ದೆ." ನನಗೆ ಬಂದ ಸುದ್ದಿ. ಅದನ್ನೂ ನನಗಿಂತ ಮೊದಲು ಇವರು ಓದಿದ್ದರು. ಬಸ್ಸಿನಲ್ಲೇ ಅಳು ಬಂತು. ಕೆಲಸ ಕೈತಪ್ಪಿದ್ದಕ್ಕಿಂತ ಅದು ಹೆಚ್ಚು ಉರಿಯಿತು.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು, ಕಾಫಿಯನ್ನೂ ಕುಡಿಯದೆ, ನನ್ನದೇ ಒಂದು ಅಕೌಂಟು ತೆರೆದೆ. ಇವರು ನಿಜಕ್ಕೂ ನೊಂದುಕೊಂಡರು.

"ನಮ್ಮ ಹತ್ರ ಮುಚ್ಚಿಡೋಂಥದ್ದು ಏನಿದೆ ನಿಂಗೆ?"

"ಏನೂ ಇಲ್ಲ. ಅದೇ ನನ್ನ ಸಂಕಟ."

ಇವರು ಟಿವಿ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅತ್ತೆ ಟ್ಯಾಬ್ಲೆಟ್ಟು ಹಿಡಿದು ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಂಗೂ ಒಂದು ಮಾಡ್ಕೊಡು ಕಣಮ್ಮ."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಮಾಡಿಕೊಟ್ಟೆ. ಪಾಸ್‌ವರ್ಡ್ ಕೇಳಿತು. ಏನು ಹಾಕಲಿ ಎಂದರೆ, ಟ್ಯಾಬ್ಲೆಟ್ಟನ್ನು ನನ್ನ ಕೈಯಿಂದ ಎಳೆದುಕೊಂಡು ಎದೆಗವುಚಿಕೊಂಡರು.

"ನಾನೇ ಆಕ್ತೀನಿ. ನೀನು ಒಸಿ ಆ ಕಡೆ ತಿರುಕ್ಕೋ."