ಟೊಪ್ಪಿಗೆಯ ಆನೆಗಳು

ನೀಲಾಂಬಿಕಾಗೆ ಬೇಕಾಗಿದ್ದದ್ದು ಒಂದು ಮಳಿಗೆ. ದೊಡ್ಡದೇನಲ್ಲ. ರಾಜಗೋಪಾಲನಗರದಲ್ಲಿ ಅವಳು ಬಾಡಿಗೆಗಿದ್ದ ಕಟ್ಟಡದ ಕೆಳಗೆ, ಮೆಟ್ಟಿಲಿನ ಪಕ್ಕದಲ್ಲಿ, ಶಟರ್ ಹಾಕಿದ ಒಂದು ಕೋಣೆಯಿತ್ತು. ಒಳಗೆ ಮಾಲೀಕರ ಗಟ್ಟಿಯಾದ ಸಿಮೆಂಟ್ ಚೀಲಗಳು, ಕಾಲು ಮುರಿದ ಮಂಚ. ಒಂದು ಮಿಷಿನ್, ಒಂದು ಕಟಿಂಗ್ ಟೇಬಲ್, ಬಂದವರಿಗೆ ಒಂದು ಕುರ್ಚಿ, ಅಷ್ಟಕ್ಕೇ ತುಂಬಿಹೋಗುವ ಜಾಗ. ಹೋಗುವಾಗ ಬರುವಾಗ ಅವಳು ಆ ಶಟರನ್ನು ಕಣ್ಣಲ್ಲೇ ಎತ್ತಿ ಇಳಿಸುತ್ತಿದ್ದಳು. ಬೋರ್ಡಿಗೆ ಯಾವ ಬಣ್ಣವೆಂಬುದೂ ಗೊತ್ತುಮಾಡಿಕೊಂಡಾಗಿತ್ತು.

ಆ ಮಳಿಗೆ ಅವಳಿಗೆ ಸಿಕ್ಕಿತು. ಹೇಗೆ ಸಿಕ್ಕಿತೆಂದು ಹೇಳಬೇಕಾಗಿದೆ, ಯಾಕೆಂದರೆ ಅವಳು ತೀರಿಕೊಂಡ ಮೇಲೆ ಬೀದಿಯ ಜನ "ಪಾಪ, ಅಂಗಡಿ ಗಿಂಗಡಿ ಮಾಡ್ಕೊಂಡು ಚೆನ್ನಾಗಿದ್ಲು" ಎನ್ನುತ್ತಿದ್ದಾರೆ.

ಕುಷ್ಟಗಿ ಕಡೆಯ ಹಳ್ಳಿಯಿಂದ, ಮದುವೆಯಾದ ಹೊಸತರಲ್ಲಿ, ಗಂಡ ಬಸಲಿಂಗನ ಜೊತೆ ಪೀಣ್ಯಕ್ಕೆ ಬಂದವಳು ಅವಳು. ಅವನಿಗೆ ಕಬ್ಬಿಣಕ್ಕೆ ಬಣ್ಣದ ಪುಡಿ ಹಿಡಿಸುವ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸ. ಮೂಗಿನ ಹೊಳ್ಳೆಯಲ್ಲಿ ದಿನಕ್ಕೊಂದು ಬಣ್ಣ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಇವಳಿಗೆ ಎಳೆಗೂಸುಗಳ ಅಂಗಿ ಹೊಲಿದು ಹೊರದೇಶಕ್ಕೆ ಕಳಿಸುವ ಗಾರ್ಮೆಂಟ್ಸ್. ಅಲ್ಲಿ ಒಬ್ಬರಿಗೆ ಒಂದೇ ಕೆಲಸ. ನೀಲಾಂಬಿಕಾ ಕೊರಳಪಟ್ಟಿ ಹಚ್ಚುತ್ತಿದ್ದಳು, ಪಕ್ಕದ ಮಿಷಿನ್ನಿನ ಶೈಲಾ ತೋಳು ಕೂಡಿಸುತ್ತಿದ್ದಳು. ವರ್ಷಗಟ್ಟಲೆ ಅಷ್ಟೇ. ಒಂದು ಇಡೀ ಅಂಗಿ ಇಬ್ಬರ ಕೈಯಿಂದಲೂ ಹೊರಗೆ ಬಂದದ್ದಿಲ್ಲ.

"ನೀನು ಕೊರಳು, ನಾನು ತೋಳು. ನಾವಿಬ್ರೂ ಸೇರಿದ್ರೂ ಮಗು ಅರ್ಧ ಬೆತ್ತಲೇನೇ ಕಣೇ" ಎಂದು ಶೈಲಾ ಊಟದ ಹೊತ್ತಿನಲ್ಲಿ ನಗಿಸುತ್ತಿದ್ದಳು.

ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಹೊಲಿಯುವಾಗ ಸೂಜಿ ಮುರಿದರೆ ಮಿಷಿನ್ ನಿಲ್ಲಿಸಿ ಕೈ ಎತ್ತಬೇಕು. ಚೂರುಗಳನ್ನೆಲ್ಲ ಹುಡುಕಿ, ಒಡೆದ ಬಳೆಯ ಹಾಗೆ ಕಾಗದದ ಮೇಲೆ ಜೋಡಿಸಿ, ಸೂಜಿ ಪೂರ್ತಿಯಾಯಿತೆಂದು ತೋರಿಸಿ ಟೇಪು ಅಂಟಿಸಿದರಷ್ಟೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಮಿಷಿನ್ನಿನ ಕೈಯಳತೆಯಲ್ಲಿದ್ದ ಬಟ್ಟೆಯಷ್ಟೂ ಪಕ್ಕಕ್ಕೆ ಹೋಗುತ್ತಿತ್ತು. ಕೂಸು ತೊಡುವ ಬಟ್ಟೆಯಲ್ಲಿ ಮೊನೆ ಉಳಿಯಬಾರದು. ಎಲ್ಲರಿಗೂ ಅದು ಕಿರಿಕಿರಿ. ನೀಲಾಂಬಿಕಾಗೆ ಮಾತ್ರ ಆ ಇಡೀ ಜಾಗದಲ್ಲಿ ಮನುಷ್ಯರು ಮಾಡಿದ್ದು ಅನ್ನಿಸುವಂಥದ್ದು ಅದೊಂದೇ. ನೀರು ಕುಡಿಯಲು ಎದ್ದರೆ ಗೊಣಗುವವರು, ಮುಖವೇ ಕಾಣದ ಯಾವುದೋ ಕೂಸಿಗಾಗಿ ಕೆಲಸ ನಿಲ್ಲಿಸುತ್ತಿದ್ದರು.

ಕಾರ್ಖಾನೆ ಬೇರೆ ಜಿಲ್ಲೆಗೆ ಎದ್ದು ಹೋದ ಮೇಲೆ ಶೈಲಾ ಒಂದು ಕಡೆ ಕೆಲಸ ಹುಡುಕಿಕೊಂಡಳು. ನೀಲಾಂಬಿಕಾ ಮನೆಯಲ್ಲಿ ಕೂತಳು. ಹಳೆಯ ಕಾಲ್ತುಳಿ ಮಿಷಿನ್ ಒಂದನ್ನು ತಂದು ಕಿಟಕಿಗೆ ಹಚ್ಚಿ ಇಟ್ಟುಕೊಂಡು, ಮೊದಲ ಬಾರಿಗೆ ಇಡೀ ವಸ್ತುಗಳನ್ನು ಮಾಡತೊಡಗಿದಳು. ಅಕ್ಕಪಕ್ಕದವರ ಮಕ್ಕಳಿಗೆ ಫ್ರಾಕು, ಉಣ್ಣೆಯ ಸ್ವೆಟರು, ಕುಂಚಿಗೆ. ಆಮೇಲೆ ಬಟ್ಟೆಯ ಆನೆಗಳು. ಹತ್ತಿಬಟ್ಟೆಯ ಮೈ, ದಪ್ಪ ಪಾದ, ಸ್ವಲ್ಪ ಓರೆಯಾಗಿ ಮೇಲೆತ್ತಿದ ಸೊಂಡಿಲು; ಎಲ್ಲಕ್ಕಿಂತ ಮೇಲೆ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಒಂದು ಟೊಪ್ಪಿಗೆ. ಒಂದರ ಟೊಪ್ಪಿಗೆ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಗೊಂಬೆ ಮಾಡುವುದು ಅದಕ್ಕೇ ಎಂದು ಕೊರಳು ಓರೆ ಮಾಡಿ ಮರುಗಿದವರಿಗೆ ಅವಳು ಮತ್ತೆ ಚಹಾ ಕೊಡುತ್ತಿರಲಿಲ್ಲ.

ಆನೆಗಳು ಮನೆ ಮಾಲೀಕರ ಸೊಸೆ ಶೋಭಾರಾಣಿಯ ಕಣ್ಣಿಗೆ ಬಿದ್ದವು. ಪೀಣ್ಯದ ಕಾರ್ಖಾನೆಗಳಿಗೆ ಹೊಲ ಕೊಟ್ಟು, ಉಳಿದದ್ದರಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿದ ಕುಟುಂಬ ಅದು. ಶೋಭಾರಾಣಿಗೆ ಕೂತಲ್ಲಿ ಕೂರಲಾಗದ ಚುರುಕು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಿಗೆ ಯಾರ್ಯಾರನ್ನೋ ಹಿಡಿದು ಸೇರಿಕೊಂಡು, ಉಪ್ಪಿನಕಾಯಿ, ಚಟ್ನಿಪುಡಿ ಮಾರುತ್ತಿದ್ದಳು. ಆನೆಗಳನ್ನೂ ಮಾರಿದಳು. ಕಾಡುಗೋಡಿ ಹತ್ತಿರದ ಒಂದು ಪ್ಲೇಸ್ಕೂಲು ತನ್ನ ಎಲ್ಲ ಮಕ್ಕಳಿಗೂ ಒಂದೊಂದು ಆನೆ ಕೊಡಬೇಕೆಂದು ಕೇಳಿದಾಗ ಅವಳು ಮೆಟ್ಟಿಲು ಹತ್ತಿ ಬಂದು ಹೇಳಿದಳು:

"ನೀಲಕ್ಕ, ಇದೊಂದು ನೀಟಾಗಿ ಮಾಡ್ಕೊಟ್ಬಿಡು. ಕೆಳಗಡೆ ರೂಮು ನಿಂದೇ. ಸಿಮೆಂಟ್ ಮೂಟೆ ನಾನೇ ಎತ್ತಿಸ್ತೀನಿ."

"ಖರೇನ್ರಿ ಅಕ್ಕಾರ?"

"ಸುಳ್ಳು ಹೇಳಿ ನಂಗೇನ್ ಸಿಗ್ಬೇಕು?"

ನೀಲಾಂಬಿಕಾ ಹೊಲಿಯಲು ಕೂತಳು. ಮಂಚದ ಮೇಲೆ, ಅಕ್ಕಿ ಡಬ್ಬದ ಮೇಲೆ, ಟಿವಿ ಹಿಂದೆ, ಎಲ್ಲೆಲ್ಲೂ ಆನೆ. ಬಸಲಿಂಗ ಮಲಗಲು ಜಾಗವಿಲ್ಲದೆ, "ಇವು ಬಾಡಿಗಿ ಏನರ ಕೊಡ್ತಾವೇನು ಕೇಳು" ಎನ್ನುತ್ತಿದ್ದ.

ಕಳಿಸುವ ಹಿಂದಿನ ದಿನ ಸಂಜೆ, ಸೊಂಡಿಲಿನ ದಪ್ಪ ಮಡಿಕೆಯ ಮೇಲೆ ಸೂಜಿ ಮುರಿಯಿತು. ಅವಳ ಬಲಗೈ ತಾನಾಗಿಯೇ ಮೇಲಕ್ಕೆ ಹೋಯಿತು. ನೋಡಲು ಯಾರೂ ಇರಲಿಲ್ಲ. ಕೈ ಇಳಿಸಿ ಹುಡುಕಿದಳು. ಮೇಲಿನ ಭಾಗ ಮಿಷಿನ್ನಿನಲ್ಲೇ ಇತ್ತು, ನಡುವಿನ ಚೂರು ಮಡಿಲಲ್ಲಿ ಸಿಕ್ಕಿತು. ಮೊನೆ ಇಲ್ಲ. ಸೂಜಿಯ ಕೆಳಗಿನ ಹಲ್ಲುಪಟ್ಟಿಯ ತಟ್ಟೆ ಬಿಚ್ಚಿದಳು, ಸೀರೆ ಕೊಡವಿದಳು, ನೆಲಕ್ಕೆ ಅಂಗೈ ಒತ್ತಿ ಒತ್ತಿ ಮೂಲೆಮೂಲೆ ಮುಟ್ಟಿದಳು. ಇಲ್ಲ. ಹೊಲಿಯುತ್ತಿದ್ದ ಆನೆಯನ್ನು ಬಿಚ್ಚಿದಳು. ಅದರಲ್ಲೂ ಇಲ್ಲ. ಮುರಿದ ಮೊನೆ ಎಲ್ಲಿಗೆ ಬೇಕಾದರೂ ಸಿಡಿಯುತ್ತದೆ. ಸುತ್ತಲಿದ್ದ ಯಾವುದೋ ಆನೆಯ ಬಟ್ಟೆ ತೂರಿ ಹತ್ತಿಯೊಳಗೆ ಇಳಿದಿರಬಹುದು. ಕಾರ್ಖಾನೆಯಲ್ಲಾಗಿದ್ದರೆ ಕೈಯಳತೆಯದ್ದಷ್ಟೇ ಪಕ್ಕಕ್ಕಿಡುವುದು. ಆದರೆ ಒಂದು ಕೋಣೆಯ ಮನೆಯಲ್ಲಿ ಯಾವುದು ಕೈಯಳತೆಯ ಹೊರಗಿದೆ? ಒಲೆ, ಹಾಸಿಗೆ, ದೇವರು ಎಲ್ಲ ಕೂತಲ್ಲಿಂದ ಮುಟ್ಟಲು ಸಿಗುತ್ತವೆ. ಅಂದರೆ ಅಷ್ಟೂ ಆನೆಗಳು ಪಕ್ಕಕ್ಕೆ.

ಕೆಳಗಿಳಿದು ಶೋಭಾರಾಣಿಗೆ ಹೇಳಿದಳು.

"ಒಂದು ಎಳ್ಳು ಕಾಳಷ್ಟು ಇರತ್ತೇನೋ. ಅದು ಯಾವುದ್ರಲ್ಲಿದೆ ಅಂತ ಯಾರಿಗ್ ಗೊತ್ತಾಗತ್ತೆ?"

"ಗೊತ್ತಾಗೂದು ಕೂಸಿಗ್ರಿ. ಹುಡುಗ್ರು ಸೊಂಡ್ಲಾ ಬಾಯಾಗ ಇಟ್ಕೋತಾವು."

"ನೀಲಕ್ಕ, ನಾಳೆ ಕೊಡ್ಬೇಕು ಕಣಮ್ಮ. ಈಗ ಬಂದು ಸೂಜಿ ಕಥೆ ಹೇಳ್ತಿದೀಯಲ್ಲ."

ಮರುದಿನ ಬೆಳಿಗ್ಗೆ ಅವಳು ಬಸಲಿಂಗನ ದೂರದ ಸಂಬಂಧಿ ಹನುಮೇಶ ಕೆಲಸ ಮಾಡುವ ಲೇತ್ ಶೆಡ್ಡಿಗೆ ಹೋದಳು. ಕಬ್ಬಿಣದ ಪುಡಿ ಎತ್ತುವ ದೊಡ್ಡ ಅಯಸ್ಕಾಂತ ಅಲ್ಲಿತ್ತು.

"ಏನು ಚಿಗವ್ವ, ಆನಿಗೆ ಎಕ್ಸರೇ ತಗಿತೀಯೇನು?" ಎಂದ ಹನುಮೇಶ. ಆದರೂ ಅದನ್ನು ಒರೆಸಿ, ಹಳೆ ಅಂಗಿಯಲ್ಲಿ ಸುತ್ತಿ ಕೊಟ್ಟ.

ವಾಪಸು ಬಂದರೆ ಮಂಚ ಖಾಲಿ. ಅಕ್ಕಿ ಡಬ್ಬದ ಮೇಲೂ ಆನೆಗಳಿಲ್ಲ. ಮನೆಯ ಇನ್ನೊಂದು ಕೀಲಿಕೈ ಮಾಲೀಕರ ಬಳಿ ಯಾವಾಗಲೂ ಇರುತ್ತದೆ. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಶೋಭಾರಾಣಿಯ ಅತ್ತೆ ಪಿಳ್ಳಮ್ಮ ಹೇಳಿದಳು: "ನಮ್ ಸೋಬ ಆಗ್ಲೇ ಆಟೋಗೆ ಆಕಿ ಕಳಿಸ್ಬುಟ್ಲು ಕಣವ್ವ. ಅಂಗೇ ಬಿಟ್ಬುಡು. ನಿಂಗ್ಯಾಕೆ."

ಬಿಟ್ಟುಬಿಡಬಹುದಿತ್ತು. ಆ ಹೊತ್ತಿಗೆ ಶಟರನ್ನು ಅರ್ಧ ಎತ್ತಿಯಾಗಿತ್ತು. ಕೂಲಿಯವನೊಬ್ಬ ಸಿಮೆಂಟ್ ಮೂಟೆಗಳನ್ನು ಹೊರಗೆಳೆಯುತ್ತಿದ್ದ. ಶೋಭಾರಾಣಿ ಮಾತಿಗೆ ತಪ್ಪಿರಲಿಲ್ಲ. ನೀಲಾಂಬಿಕಾ ಅದನ್ನು ನೋಡಿದಳು. ನೋಡಿಯೂ ಮೆಟ್ರೋ ಸ್ಟೇಷನ್ನಿನ ಕಡೆ ನಡೆದಳು.

ಪ್ಲೇಸ್ಕೂಲಿನಲ್ಲಿ ಮಕ್ಕಳು ಊಟ ಮಾಡಿ ಮಲಗಿದ್ದವು. ಚೀಲಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅಲ್ಲಿನ ಹಿರಿಯ ಮೇಡಂ ಅವಳಿಗೆ ಕುರ್ಚಿ ಕೊಟ್ಟು, ಎಲ್ಲ ಕೇಳಿಸಿಕೊಂಡರು.

"ನೀವು ಬಂದು ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ನಾನು ಇದನ್ನ ಪೇರೆಂಟ್ಸ್‌ಗೆ ತಿಳಿಸ್ಲೇಬೇಕು."

"ತಿಳಸ್ರಿ. ನಾನು ಎಲ್ಲಾ ಬಿಚ್ಚಿ ನೋಡಿ, ಮತ್ತ ಹೊಸಾವು ಮಾಡಿ ಕೊಡ್ತೀನ್ರಿ."

"ಬೇಡಮ್ಮ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ನೀಲಾಂಬಿಕಾ ಆಮೇಲೆ ಶೈಲಾಗೆ ಹೇಳಿದಳು.

ಚೀಲಗಳನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಮೆಟ್ರೋಗೆ ಬಂದಾಗ, ಸಾಮಾನು ತಪಾಸಣೆಯ ಪೆಟ್ಟಿಗೆಯೊಳಗೆ ಅವು ಸಾಗಿಹೋಗುವುದನ್ನು ಕಂಡು ಅವಳಿಗೊಂದು ಆಸೆ ಹುಟ್ಟಿತು. ಪರದೆ ನೋಡುತ್ತಿದ್ದ ಹೆಂಗಸನ್ನು ಕೇಳಿದಳು: "ಮೇಡಂ, ಅದರಾಗ ಒಂದು ಸೂಜಿ ತುದಿ ಕಾಣಸ್ತೈತೇನ್ರಿ?"

"ಅಕ್ಕ, ಇದು ಬಾಂಬ್ ನೋಡಕ್ಕೆ. ಸೂಜಿ ನೋಡಕ್ಕಲ್ಲ. ಮುಂದೆ ಹೋಗಿ, ಹಿಂದೆ ಜನ ಇದಾರೆ."

ಸ್ಕೂಲಿನ ಸಂದೇಶ ಸಭ್ಯವಾಗಿಯೇ ಇತ್ತಂತೆ. ಅದು ಗುಂಪಿನಿಂದ ಗುಂಪಿಗೆ ಹೋಗುವಾಗ ಸಭ್ಯತೆ ಉದುರಿ ಸೂಜಿಯಷ್ಟೇ ಉಳಿಯಿತು. ಅವಳ ರೈಲು ಮೆಜೆಸ್ಟಿಕ್ ಮುಟ್ಟುವ ಮೊದಲೇ ಶೋಭಾರಾಣಿಯನ್ನು ಅರ್ಧಕ್ಕರ್ಧ ಗುಂಪುಗಳಿಂದ ತೆಗೆದುಹಾಕಿದ್ದರು. ಉಪ್ಪಿನಕಾಯಿಯನ್ನೂ ಯಾರೂ ಕೊಳ್ಳಲಿಲ್ಲ. ಸಿಮೆಂಟ್ ಮೂಟೆಗಳು ಒಳಗೆ ವಾಪಸು ಹೋದವು.

ಮರುದಿನ ಶೈಲಾ ರಜೆ ಹಾಕಿ ಬಂದಳು. ಅಯಸ್ಕಾಂತ ಹತ್ತಿಯ ಮೂಲಕ ಏನನ್ನೂ ಸೆಳೆಯಲಿಲ್ಲ. ಇಬ್ಬರೂ ಬಾಗಿಲ ಬೆಳಕಿನಲ್ಲಿ ಕೂತು ಕತ್ತರಿ ಹಿಡಿದರು. ಟೊಪ್ಪಿಗೆ ತೆಗೆದು ಬದಿಗಿಡುವುದು, ಹೊಟ್ಟೆ ಸೀಳುವುದು, ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸುವುದು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಆನೆಯ ಹಿಂಗಾಲಿನ ಪಾದದಲ್ಲಿ ಅದು ಸಿಕ್ಕಿತು. ನಿಜಕ್ಕೂ ಎಳ್ಳುಕಾಳಿನಷ್ಟೇ. ನೀಲಾಂಬಿಕಾ ಉಳಿದ ಎರಡು ಚೂರುಗಳ ಪಕ್ಕ ಅದನ್ನು ಕಾಗದದ ಮೇಲಿಟ್ಟು ಟೇಪು ಅಂಟಿಸಿದಳು. ಸೂಜಿ ಪೂರ್ತಿಯಾಗಿತ್ತು. ಅವಳ ಮುಖ ಅಷ್ಟು ತಿಳಿಯಾದದ್ದನ್ನು ಶೈಲಾ ಮತ್ತೆ ನೋಡಲಿಲ್ಲ.

ಕಾಗದ ಹಿಡಿದು ಕೆಳಗೆ ಓಡಿದಳು. "ಅಕ್ಕಾರ, ಸಿಕ್ತು ನೋಡ್ರಿ. ಇತ್ತು ಅದು. ನಾ ಸುಳ್ಳ ಹೇಳಿದ್ದಿಲ್ಲ."

ಕಾರ್ಖಾನೆಯಲ್ಲಿ ಪೂರ್ತಿ ಸೂಜಿ ತೋರಿಸಿದರೆ ಕೆಲಸ ಮತ್ತೆ ಶುರುವಾಗುತ್ತಿತ್ತು. ಇಲ್ಲಿಯೂ ಹಾಗೆಯೇ ಎಂದು ನಂಬಿ ಇಳಿದುಬಂದಿದ್ದಳು. ಶೋಭಾರಾಣಿ ಕಾಗದವನ್ನೂ ಅವಳನ್ನೂ ನೋಡಿದಳು.

"ಅಂದ್ರೆ ನಮ್ ಮಾಲಲ್ಲಿ ಸೂಜಿ ಇದ್ದಿದ್ದು ನಿಜಾನೇ ಅಂತಾಯ್ತು. ಇಷ್ಟು ಹೊತ್ತು 'ಸುಮ್ನೆ ಅನುಮಾನ' ಅಂತಾದ್ರೂ ಹೇಳ್ಬೋದಿತ್ತು. ಇದನ್ನ ಇನ್ಯಾರಿಗೂ ತೋರಿಸ್ಬೇಡ ತಾಯಿ, ಕೈ ಮುಗೀತೀನಿ."

ಅವಳ ಮಾತೂ ಲೆಕ್ಕಕ್ಕೆ ಸರಿಯೇ. ಒಳ್ಳೆಯತನವನ್ನು ಹೀಗೆ ಲೆಕ್ಕಕ್ಕೆ ಸರಿಯಾದ ಮಾತುಗಳೇ ಕೊಲ್ಲುತ್ತವೆ.

ಮಳೆಗಾಲ ಕಳೆದ ಮೇಲೆ ಶೋಭಾರಾಣಿ ಮತ್ತೆ ಮೇಲೆ ಬಂದಳು. ಹೊಸ ಹೆಸರು, ಹೊಸ ಗುಂಪು, ಹೊಸ ಯೋಚನೆ. ಪೇಟೆಯಲ್ಲಿ ಸಗಟಿಗೆ ಸಿಗುವ ಬೊಂಬೆಗಳನ್ನು ತಂದು ಮಳಿಗೆಯಲ್ಲಿ ಮಾರುವುದು. ಕೈಯಲ್ಲಿ ಮಾಡಿದ್ದು ಎಂದು ಹೇಳಲು ಒಬ್ಬರು ಮಿಷಿನ್ ಮುಂದೆ ಕೂತಿರಬೇಕು.

"ನೀನೇ ಕೂತ್ಕೋ. ರೂಮು ನಿಂದೇ ಅಂದಿದ್ದೆ, ನಿಂದೇ. ಒಂದೇ ಮಾತು, ಮಿಷಿನ್‌ಗೆ ಸೂಜಿ ಬೇಡ. ಸುಮ್ನೆ ತುಳೀತಾ ಇರು. ಮತ್ತೆ ಆ ರಗಳೆ ಬೇಡ."

"ಸೂಜಿ ಇಲ್ದ ಏನ್ ಹೊಲೀಲ್ರಿ?"

"ಹೊಲಿಯೋದು ಯಾಕೆ? ಕೂತಿದ್ರೆ ಸಾಕು."

ಬೇಡವೆನ್ನಬಹುದಿತ್ತು ಎಂದು ಶೈಲಾ ಜಗಳವಾಡಿದಳು. ಆದರೆ ಬಣ್ಣದ ಪುಡಿಯಿಂದ ಹತ್ತಿದ ಬಸಲಿಂಗನ ಕೆಮ್ಮು ಜಾಸ್ತಿಯಾಗಿತ್ತು, ಮತ್ತೆ ಶಟರು ನಿಜವಾಗಿ ಮೇಲೆದ್ದಿತ್ತು, ಬೋರ್ಡು ಅವಳು ಅಂದುಕೊಂಡ ಬಣ್ಣದ್ದೇ ಆಗಿತ್ತು. ಮನುಷ್ಯರಿಗೆ ಬೇಕಾದದ್ದು ಕುಲಗೆಟ್ಟು ಬಂದರೂ ಬಾಗಿಲು ಹಾಕಲು ಮನಸ್ಸಾಗುವುದಿಲ್ಲ. ನೀಲಾಂಬಿಕಾ ಇಸ್ತ್ರಿ ಸೀರೆ ಉಟ್ಟು ಕೂತಳು. ಅಪಾರ್ಟ್‌ಮೆಂಟಿನ ಹೆಂಗಸರು ಕಾರು ಮಾಡಿಕೊಂಡು ಬಂದು, ಅವಳು ಖಾಲಿ ಮಿಷಿನ್ ತುಳಿಯುವುದನ್ನು ಫೋನಿನಲ್ಲಿ ಹಿಡಿದುಕೊಂಡರು. "ಅಕ್ಕ, ಸ್ವಲ್ಪ ನಗಿ" ಎಂದರು. ನಕ್ಕಳು.

ಒಂದು ಭಾನುವಾರ ಒಬ್ಬಳು ತಾಯಿ, ಕಂಕುಳಲ್ಲಿ ಇನ್ನೂ ಹಲ್ಲು ಬಾರದ ಮಗು. ಮಗು ಕರಡಿಯೊಂದನ್ನು ಹಿಡಿದು ಅದರ ಕಣ್ಣನ್ನು ಬಾಯಲ್ಲಿಟ್ಟು ಚೀಪುತ್ತಿತ್ತು. ಕಣ್ಣು ಗುಂಡಿಯದು, ಅಂಟು ಹಾಕಿ ಕೂರಿಸಿದ್ದು. ಅದು ಅಲ್ಲಾಡುವುದು ಮಿಷಿನ್ ಮುಂದಿನಿಂದಲೇ ಕಾಣುತ್ತಿತ್ತು. ಎರಡು ಹೊಲಿಗೆ ಹಾಕಿದರೆ ಮುಗಿಯುವ ಕೆಲಸ. ಕೈಯಳತೆಯಲ್ಲಿ ಸೂಜಿ ಇರಲಿಲ್ಲ. ಬಾಯಿ ಇತ್ತು. ಗಲ್ಲಾದಲ್ಲಿ ಶೋಭಾರಾಣಿ ಕೂತಿದ್ದಳು.

ನೀಲಾಂಬಿಕಾ ಖಾಲಿ ಮಿಷಿನ್ ತುಳಿಯುತ್ತಲೇ ಇದ್ದಳು. ತಾಯಿ ಕರಡಿಯನ್ನು ಕೊಂಡಳು, ಮಗು ಅದನ್ನು ಚೀಪುತ್ತಲೇ ಕಾರು ಹತ್ತಿತು.

ಮರುದಿನದಿಂದ ಅವಳು ಮಳಿಗೆಗೆ ಇಳಿಯಲಿಲ್ಲ. ಕಾರಣ ಕೇಳಿದವರಿಗೆ ಬೆನ್ನುನೋವೆಂದಳು. ದೊಡ್ಡ ಕಂಪನಿಗಳಿಗೆ ಹೊಲಿದುಕೊಡುವ ಪೀಣ್ಯದ ಒಂದು ಸಣ್ಣ ಜಾಬ್‌ವರ್ಕ್ ಶೆಡ್ಡಿಗೆ ಸೇರಿ ಮತ್ತೆ ಕೊರಳಪಟ್ಟಿ ಹಚ್ಚತೊಡಗಿದಳು. ಆ ವರ್ಷ ಡೆಂಗಿ ಹೆಚ್ಚಾಗಿತ್ತು. ಜ್ವರವನ್ನು ಮಾತ್ರೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸಕ್ಕೆ ಹೋದಳು; ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಒಸಡಿನಲ್ಲಿ ರಕ್ತ ಬರುತ್ತಿತ್ತು.

ಕರಡಿಯ ಸಂಗತಿ ಅವಳು ಹೇಳಿದ್ದು ಅಲ್ಲಿ, ವಾರ್ಡಿನಲ್ಲಿ, ಶೈಲಾ ಒಬ್ಬಳಿಗೆ. ಹೇಳಿ ಮುಗಿಸಿ, ಕೇಳಿದಳು:

"ಆ ಕೂಸಿಗೆ ಏನೂ ಆಗಿರಂಗಿಲ್ಲ ಅಲ್ಲೇನ?"

"ಏನೂ ಆಗಿಲ್ಲ ಕಣೇ" ಎಂದಳು ಶೈಲಾ.

"ನಿನಗ ಹ್ಯಾಂಗ ಗೊತ್ತು?"

ಶೈಲಾ ಹೊದಿಕೆ ಸರಿಮಾಡಿದಳು. ನೀಲಾಂಬಿಕಾ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದಳು, ನರ್ಸ್ ಬಂದು ಶೈಲಾಳನ್ನು ಹೊರಗೆ ಕಳಿಸುವವರೆಗೂ.