ಹಂಚಿನಾಳ್ ಡಾಕ್ಟರ ವಹಿ

ಹಂಚಿನಾಳ್ ಡಾಕ್ಟರು ಐಸ್ ಹಾಕಿ ಪಂದ್ಯಕ್ಕೆ ಕೂತರೆ, ಸುತ್ತಲಿನ ಸಾವಿರ ಕತ್ತುಗಳು ಎಡಕ್ಕೆ ಹೊರಳಿದಾಗ ಅವರದೊಂದು ಬಲಕ್ಕೆ ಹೊರಳಿರುತ್ತಿತ್ತು. ಕಿವಿ ಮುಚ್ಚುವ ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು, ತೊಡೆಯ ಮೇಲೆ ಕೆಂಪು ರಟ್ಟಿನ ಉದ್ದನೆಯ ನೋಟ್‌ಬುಕ್ಕು, ಕೈಯಲ್ಲಿ ಮೊಂಡು ಪೆನ್ಸಿಲು. ಆ ಚಳಿಯಲ್ಲಿ ಪೆನ್ನು ಕೈಕೊಡುತ್ತದೆ ಎಂದು ಪೆನ್ಸಿಲನ್ನೇ ನಂಬಿದ್ದರು. ಗೋಲು ಬಿದ್ದು ಜನ ಎದ್ದು ಕುಣಿಯುವಾಗ ಇವರು ಮೆಲ್ಲಗೆ ನನ್ನ ಕಡೆ ಬಾಗಿ, ಯಾರು ಹೊಡೆದದ್ದು ಎಂದು ಕೇಳುತ್ತಿದ್ದರು. ಮಂಜುಗಡ್ಡೆಯ ಮೇಲೆ ಜಾರುವ ಆ ಕಪ್ಪು ರಬ್ಬರಿನ ತುಂಡಿಗೆ ಊರೆಲ್ಲ ಪಕ್ ಎಂದರೆ ಅವರ ಬಾಯಲ್ಲಿ ಅದು ಬಿಲ್ಲೆ.

“ಬಿಲ್ಲೆ ನೋಡಾಕ ಇಷ್ಟ ಮಂದಿ ಅದಾರಲ್ಲ ತಂಗಿ. ಬಿಲ್ಲೆ ಇಲ್ಲದಾಗ ಹುಡುಗ ಏನ ಮಾಡ್ತಾನ, ಅದನ್ನ ನೋಡಾಕ ಯಾರರ ಒಬ್ಬರು ಬೇಕಿಲ್ಲೇನು?”

ಅವರು ಧಾರವಾಡದವರು, ಪಶ್ಚಿಮ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಇಪ್ಪತ್ತು ವರ್ಷ ದುಡಿದರೂ ಕನ್ಸಲ್ಟೆಂಟ್ ಎಂಬ ಹಿರಿಯ ಡಾಕ್ಟರು ಆಗಲಿಲ್ಲ. ಅವರಿಂದ ಕೆಲಸ ಕಲಿತವರು ಆಗಿ ಹೋದರು. ನಾನು ಅದೇ ವಿಭಾಗದಲ್ಲಿ ಕಾಗದ ಪತ್ರ ಟೈಪು ಮಾಡುವ ಸೆಕ್ರೆಟರಿ. ಮೈಸೂರಿನಲ್ಲಿ ವಕೀಲರ ಕಚೇರಿಯಲ್ಲಿ ಕಲಿತ ಬೆರಳುಗಳು ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಕಂತಿಗೆ ನೆರವಾಗುತ್ತಿದ್ದವು. ಹೆಂಡತಿ ತೀರಿಕೊಂಡ ಮೇಲೆ ಶನಿವಾರಗಳನ್ನು ಏನು ಮಾಡುವುದೆಂದು ತಿಳಿಯದೆ ಡಾಕ್ಟರು ನಮ್ಮ ಕಡೆಯ ಒಂದು ಐಸ್ ಹಾಕಿ ತಂಡಕ್ಕೆ ಮೈದಾನದ ವೈದ್ಯರಾಗಿ ಹೋಗತೊಡಗಿದರು. ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡ ತಂಡವೇ, ಆದರೂ ಈ ದೇಶದಲ್ಲಿ ಐಸ್ ಹಾಕಿ ಎಂದರೆ ಫುಟ್‌ಬಾಲಿನ ಬಡ ದಾಯಾದಿ. ಯಾವ ಹುಡುಗ ಮುಂದೆ ಬರುತ್ತಾನೆ, ಯಾವನು ಎರಡು ವರ್ಷಕ್ಕೆ ಸುಸ್ತಾಗುತ್ತಾನೆ ಎಂದು ಇವರು ಹೊಲಿಗೆ ಹಾಕುತ್ತಾ ಹೇಳಿದ್ದೆಲ್ಲ ನಿಜವಾಗತೊಡಗಿದಾಗ ಮ್ಯಾನೇಜರು ಕಿವಿ ನಿಮಿರಿಸಿದ. ಪ್ರತಿ ವಸಂತದಲ್ಲಿ ಕಿರಿಯರ ತಂಡದ ಹದಿನಾರು ಹದಿನೇಳರ ಹುಡುಗರಲ್ಲಿ ಯಾರನ್ನು ದೊಡ್ಡ ತಂಡಕ್ಕೆ ಎತ್ತಿಕೊಳ್ಳಬಹುದೆಂದು ತೂಗಿ ವರದಿ ಬರೆಯುವ ಕೆಲಸ ಹೀಗೆ ಅವರ ಪಾಲಿಗೆ ಬಂತು.

ತೂಗುವ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಧಾರವಾಡದಲ್ಲಿ ಕುಸ್ತಿಯ ತಾಲೀಮು ನಡೆಸುತ್ತಿದ್ದ ಉಸ್ತಾದ. ಹೊಸ ಹುಡುಗ ಬಂದರೆ ಒಂದು ತಿಂಗಳು ಒಂದೂ ಪಟ್ಟು ಹೇಳಿಕೊಡದೆ ಬರೀ ಬೀಳುವುದನ್ನು ಕಲಿಸುತ್ತಿದ್ದನಂತೆ. “ಬೀಳೂದು ಕಲತವಗ ಏಳೂದು ಯಾರೂ ಕಲಸಬೇಕಾಗಿಲ್ಲ” ಎಂಬುದು ಮಗನಿಗೆ ಉಳಿದ ಆಸ್ತಿ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರುಗಳಿಗೂ ಇದನ್ನೇ ಹೇಳುತ್ತಿದ್ದರು, ನನ್ನ ಮಗಳು ಸೈಕಲ್ಲಿನಿಂದ ಬಿದ್ದಾಗಲೂ ಇದನ್ನೇ ಹೇಳಿದರು.

ಟಿಪ್ಪಣಿಗಳನ್ನು ಅವರು ಬರೆಯುತ್ತಿದ್ದದ್ದು ಕನ್ನಡದಲ್ಲಿ. ಹಿಂದಿನ ಸಾಲಿನಲ್ಲಿ ಹುಡುಗರ ಅಪ್ಪ ಅಮ್ಮಂದಿರು ಕೂತು ಭುಜದ ಮೇಲಿಂದ ಇಣುಕುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು, ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಅವರ ಕೈ ‘ಚೆನ್ನಾಗಿದ್ದಾನೆ’ ‘ಚೆನ್ನಾಗಿಲ್ಲ’ ಎಂಬಷ್ಟಕ್ಕೇ ನಿಂತುಬಿಡುತ್ತಿತ್ತು. ಭಾನುವಾರ ಮೂರು ಗಂಟೆಗೆ ಸರಿಯಾಗಿ ವಹಿ ಹಿಡಿದು ನಮ್ಮನೆಗೆ ಬರುತ್ತಿದ್ದರು. ನೋಟ್‌ಬುಕ್ಕನ್ನು ಅವರು ವಹಿ ಎನ್ನುತ್ತಿದ್ದರು, ಕೇಳಿ ಕೇಳಿ ನನಗೂ ಅದೇ ರೂಢಿಯಾಯಿತು. ಇರುವೆ ಶಾಯಿಯಲ್ಲಿ ಬಿದ್ದು ಓಡಿದಂಥ ಅಕ್ಷರ; ಅದನ್ನು ಓದಬಲ್ಲವಳು ಲಂಡನ್ನಿನಲ್ಲಿ ನಾನೊಬ್ಬಳೇ. ನಾನು ಓದಿಕೊಂಡು ಇಂಗ್ಲಿಷಿನಲ್ಲಿ ಟೈಪು ಮಾಡುವುದು, ಅವರು ಚಹಾ ಕುಡಿಯುತ್ತಾ ಅವಲಕ್ಕಿ ಚೂಡ ತಿನ್ನುವುದು, ಕೊನೆಗೆ ಕೆಳಗೆ ಸಹಿ ಹಾಕುವುದು.

ಊರೆಲ್ಲ ಹೊಗಳುತ್ತಿದ್ದ ಆರಡಿ ಹುಡುಗನೊಬ್ಬನ ಬಗ್ಗೆ ಅವರು ಬರೆದಿದ್ದರು: “ಮೆರವಣಿಗಿ ಎತ್ತ. ಗಳೇಕ್ಕ ಬರಾಂಗಿಲ್ಲ.” ಮೆರವಣಿಗೆಗೆ ಸರಿ, ಉಳುಮೆಗೆ ಬಾರದ ಎತ್ತು ಎಂಬುದನ್ನು ಇಂಗ್ಲಿಷಿಗೆ ಇಳಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಇನ್ನೊಬ್ಬ ಪೀಚು ಗೋಲ್‌ಕೀಪರ್. ಒಂದೇ ಪಂದ್ಯದಲ್ಲಿ ಎಂಟು ಗೋಲು ಬಿಟ್ಟಿದ್ದ, ಅವನನ್ನು ಮನೆಗೆ ಕಳಿಸಬೇಕೆಂದು ಎಲ್ಲರೂ ಅಂದಿದ್ದರು. ವಹಿಯಲ್ಲಿ ಹೀಗಿತ್ತು: “ಪ್ರತಿ ಗೋಲ ಬಿದ್ದ ಮ್ಯಾಲೆ ತನ್ನ ಮುಂದಿನ ಜಾಗ ಕಾಲಿಲೆ ಸವರಿ ಹಸನ ಮಾಡಕೋತಾನ. ಸೋತರೂ ಅಂಗಳ ಕಸಾ ಹೊಡಿಯಾವ. ತಗೋರಿ.” ಆ ಹುಡುಗ ಮುಂದೆ ಆರು ವರ್ಷ ತಂಡದ ಗೋಲು ಕಾದ.

ನಾನು ಟೈಪು ಮಾಡಿದ್ದನ್ನು ಅವರು ಒಂದು ದಿನವೂ ಓದಿದವರಲ್ಲ. ಓದಿ ಸಹಿ ಹಾಕಿ ಎಂದು ನಾನು ಗದರಿದರೆ, ಹಾಗೆ ಓದಿದರೆ ತಂಗಿಯ ಮೇಲೆ ಸಂಶಯಪಟ್ಟಂತೆ ಆಗುತ್ತದೆ ಎನ್ನುತ್ತಿದ್ದರು. ನನಗೂ ಅದರಿಂದ ಒಂದು ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ವಹಿಯಲ್ಲಿ ಕಿರಣನ ಹೆಸರು ಬಂತು. ಕಿರಣ ನನ್ನ ಗೆಳತಿ ವನಜಳ ಒಬ್ಬನೇ ಮಗ. ವನಜ ನಮ್ಮ ಮೈಸೂರಿನವಳೇ. ಗಂಡ ಹೃದಯಾಘಾತದಲ್ಲಿ ಹೋದ ಮೇಲೆ ಈಲಿಂಗ್ ರೋಡಿನ ಔಷಧದಂಗಡಿಯಲ್ಲಿ ನಿಂತು ಮಗನನ್ನು ಬೆಳೆಸಿದಳು. ಬೆಳಗ್ಗೆ ಐದಕ್ಕೆ ಅವನನ್ನು ರಿಂಕಿನ ಮಂಜಿನಂಗಳಕ್ಕೆ ಬಿಟ್ಟು, ಕಾರಿನಲ್ಲೇ ಕೂತು ಅವಲಕ್ಕಿ ತಿಂದು, ಕೆಲಸಕ್ಕೆ ಹೋಗುವಳು. ನಮ್ಮ ಜನರ ಮಕ್ಕಳೆಲ್ಲ ಮೆಡಿಸಿನ್ನು, ಕಾನೂನು ಎಂದು ಓದುತ್ತಿದ್ದಾಗ ಇವನು ಕೋಲು ಹಿಡಿದು ಜಾರುವುದನ್ನು ಕಂಡು ಹಿಂದಿನಿಂದ ನಕ್ಕವರು ಕಡಿಮೆಯಿರಲಿಲ್ಲ. ಓದಿನಲ್ಲಿ ಅವನು ಅಷ್ಟಕ್ಕಷ್ಟೇ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಉದ್ದ ಕೈಕಾಲಿನ, ನಗುಮುಖದ ಹುಡುಗ. ಮಂಜಿನ ಮೇಲೆ ಇಳಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಹಿಂದಿನ ದಿನವಷ್ಟೇ ವನಜ ನನ್ನ ಅಡುಗೆಮನೆಯಲ್ಲಿ ಕೂತು, ಈ ವರ್ಷ ತಗೊಳ್ಳದಿದ್ದರೆ ಮುಂದಿನ ವರ್ಷ ಕೆನಡಾದಿಂದ ಇಬ್ಬರು ಬರುತ್ತಾರಂತೆ, ಆಮೇಲೆ ಇವನಿಗೆ ಜಾಗವೇ ಇರುವುದಿಲ್ಲ ಎಂದು ಅತ್ತಿದ್ದಳು.

ವಹಿಯಲ್ಲಿ ಒಂದಿಡೀ ಪುಟ ಹೊಗಳಿಕೆಯಿತ್ತು. ಕೊನೆಯಲ್ಲಿ ಮೂರು ಸಾಲು: “ಹಲಗಿ ಗ್ವಾಡಿ ಹತ್ತರ ಹೋಗುವಾಗ ತಲಿ ತಗ್ಗಸತಾನ. ಹಿಂದಿಂದ ಯಾವರ ಗುದ್ದಿದರ ಕುತಗಿ ಹೋಗತೈತಿ. ಈ ವರ್ಷ ಬ್ಯಾಡ, ಒಂದ ವರ್ಷ ಬೀಳೂದು ಕಲಸರಿ, ಆಮ್ಯಾಲೆ ಬಿಡಬ್ಯಾಡರಿ.”

ನಾನು ಆ ಮೂರು ಸಾಲನ್ನು ಎರಡು ಸಲ ಓದಿದೆ. ಡಾಕ್ಟರು ಮುಂದಿನ ಕೋಣೆಯಲ್ಲಿ ನನ್ನ ಗಂಡನ ಜೊತೆ ಕ್ರಿಕೆಟ್ಟು ನೋಡುತ್ತಿದ್ದರು. ಮೂರು ಸಾಲಿನ ಜಾಗದಲ್ಲಿ ಒಂದೇ ಸಾಲು ಟೈಪು ಮಾಡಿದೆ: ರಿಂಕಿನ ಅಂಚಿನ ಹಲಗೆ ಗೋಡೆಯ ಬಳಿ ಆಟ ಸ್ವಲ್ಪ ತಿದ್ದಿಕೊಳ್ಳಬೇಕು, ಈ ವರ್ಷಕ್ಕೇ ತಯಾರಿದ್ದಾನೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡೆ. ಹುಡುಗ ಆಡುತ್ತಾ ಆಡುತ್ತಾ ಕಲಿಯುತ್ತಾನೆ, ಈ ಮುದುಕರಿಗೆ ಎಲ್ಲದಕ್ಕೂ ತಾಲೀಮು ಎಂದು ಮನಸ್ಸಿನಲ್ಲೇ ಗೊಣಗಿದ್ದೂ ನೆನಪಿದೆ. ಡಾಕ್ಟರು ಬಂದು ಸಹಿ ಹಾಕಿದರು.

ತಂಡ ಅವನನ್ನು ತೆಗೆದುಕೊಂಡಿತು. ವನಜ ಮನೆಮನೆಗೆ ಮೈಸೂರುಪಾಕು ಹಂಚಿದಳು. ಡಾಕ್ಟರು ಮ್ಯಾನೇಜರನನ್ನು ಕೇಳಿದರಂತೆ, ಒಂದು ವರ್ಷ ಕಾಯಲಿಲ್ಲವೇಕೆ ಎಂದು. ನೀವು ಹೇಳಿದ್ದನ್ನು ಗಮನದಲ್ಲಿಟ್ಟಿದ್ದೇವೆ ಎಂದು ಅವನು ಬೆನ್ನು ತಟ್ಟಿದ. ತಮ್ಮ ಮಾತನ್ನು ಪಕ್ಕಕ್ಕಿಟ್ಟಿದ್ದಾರೆಂದೇ ಭಾವಿಸಿ ಡಾಕ್ಟರು ಮತ್ತೆ ಕೆದಕಲಿಲ್ಲ. ಈ ದೇಶದಲ್ಲಿ ಅದು ಅವರಿಗೆ ಹೊಸದಾಗಿರಲಿಲ್ಲ. ಇದನ್ನು ನನಗೆ ಅವರೇ ಹೇಳಿದರು. ನಾನು ಚಹಾ ಸೋಸುತ್ತಾ ಹೂಂಗುಟ್ಟಿದೆ.

ಡಿಸೆಂಬರಿನ ಒಂದು ಶನಿವಾರ ನಾನೂ ವನಜಳೂ ಪಕ್ಕಪಕ್ಕ ಕೂತಿದ್ದೆವು. ಕಿರಣ ಮೂಲೆಯಲ್ಲಿ ಪಕ್‌ಗಾಗಿ ತಲೆ ತಗ್ಗಿಸಿದ, ಹಿಂದಿನಿಂದ ಒಬ್ಬ ಬಂದು ತಾಗಿದ. ಅಂಥ ಜೋರಿನದೇನೂ ಅಲ್ಲ. ಅಂಚಿನ ಹಲಗೆ ಗೋಡೆಗೆ ಅವನ ತಲೆ ತಾಗಿದ ಸದ್ದೂ ನಮಗೆ ಕೇಳಿಸಲಿಲ್ಲ. ಹಂಚಿನಾಳ್ ಡಾಕ್ಟರು ಬೂಟುಗಾಲಿನಲ್ಲೇ ಜಾರುತ್ತಾ ಏಳುತ್ತಾ ಓಡಿದರು. ಮಂಜಿನ ಮೇಲೆ ಮಂಡಿಯೂರಿ, ಹುಡುಗನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಆಂಬುಲೆನ್ಸಿನವರು ಬರುವವರೆಗೆ ಅಲುಗಲಿಲ್ಲ. ಎಬ್ಬಿಸಿದಾಗ ಅವರ ಪ್ಯಾಂಟು ಮಂಜಿಗೆ ಅಂಟಿಕೊಂಡಿತ್ತು. ಕಿರಣ ಬದುಕಿದ. ಕತ್ತಿನ ಕೆಳಗೆ ಬಲಗೈಯ ಎರಡು ಬೆರಳು ಬಿಟ್ಟರೆ ಬೇರೇನೂ ಅವನದಾಗಿ ಉಳಿಯಲಿಲ್ಲ.

ತಂಡದವರು ವಿಚಾರಣೆಗೆ ಕೂತಾಗ ವರದಿಯನ್ನು ವನಜಳ ಎದುರೇ ಓದಿದರು. ಡಾಕ್ಟರು ತಮ್ಮ ಸಹಿಯ ಮೇಲಿದ್ದ ಸಾಲುಗಳನ್ನು ಮೊದಲ ಸಲ ಕೇಳಿದ್ದು ಅವತ್ತು. ಅದು ನನ್ನ ಸಹಿಯೇ ಎಂದರು, ಅಷ್ಟೇ. ಆಮೇಲಿನ ಭಾನುವಾರ ಎಂದಿನಂತೆ ಮೂರು ಗಂಟೆಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಅವರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ವನಜಳಿಗೆ ಈಗಲೇ ಹೋಗಿ ಹೇಳುತ್ತೇನೆ ಎಂದು ನಾನೇ ಎದ್ದೆ.

“ಕೂಡು. ಸಹಿ ನಂದೈತಿ, ಓದದ ಹಾಕಿದ್ದೂ ನಂದ ತಪ್ಪ. ಆ ಹೆಣಮಗಳಿಗೆ ಬೈಯಾಕ ಒಬ್ಬರು ಬೇಕ, ಅದಕ್ಕ ನಾ ಅದೀನಿ. ಜೋಡಿಗೆ ಒಬ್ಬಾಕಿ ಗೆಳತಿನೂ ಬೇಕಲ್ಲ? ನೀ ಅದಾಗಿ ಇರು.”

ಕೂತೆ. ಅವರು ಹೇಳಿದ್ದಕ್ಕೆ ಕೂತೆನೋ, ನನಗೆ ಬೇಕಿದ್ದದ್ದೇ ಅದು ಎಂದು ಕೂತೆನೋ. ಎರಡನೆಯದೇ ನಿಜ.

ಯುಗಾದಿಗೆ ಕೆಂಟನ್ನಿನ ಶಾಲೆಯ ಸಭಾಂಗಣದಲ್ಲಿ ನಮ್ಮವರೆಲ್ಲ ಸೇರಿದ್ದಾಗ ವನಜ ಊಟದ ಸಾಲಿನಲ್ಲಿ ನಿಂತಿದ್ದ ಡಾಕ್ಟರ ಎದುರು ಹೋಗಿ ನಿಂತಳು. ಕೂಗಾಡಲಿಲ್ಲ. “ನಮ್ಮೋರು ಅಂತ ನಂಬಿದ್ದೆ. ನಿಮ್ಮ ಹೊಟ್ಟೇಲಿ ಮಕ್ಕಳು ಹುಟ್ಟಿದ್ರೆ ಗೊತ್ತಾಗ್ತಿತ್ತು” ಎಂದಳು. ಅವರು ಖಾಲಿ ತಟ್ಟೆ ಹಿಡಿದೇ ಕೈಮುಗಿದರು. ನಾನು ಎರಡು ಮಾರು ದೂರದಲ್ಲಿ ಸೌಟು ಹಿಡಿದು ಬಿಸಿಬೇಳೆಬಾತು ಬಡಿಸುತ್ತಿದ್ದೆ. ಮುಂದಿನವರಿಗೆ ಬಡಿಸಿದೆ. ನನ್ನ ಜೀವನದಲ್ಲಿ ಮಾಡಿದ ಹೇಸಿಗೆ ಕೆಲಸ ಯಾವುದೆಂದು ಕೇಳಿದರೆ ಆ ಒಂದು ಸೌಟನ್ನೇ ಹೇಳುತ್ತೇನೆ. ಡಾಕ್ಟರು ಮತ್ತೆ ನಮ್ಮವರ ಯಾವ ಕೂಟಕ್ಕೂ ಬರಲಿಲ್ಲ, ರಿಂಕಿಗೂ ಹೋಗಲಿಲ್ಲ.

ಏಳು ವರ್ಷ ನಾನು ವನಜಳ ಒಳ್ಳೆಯ ಗೆಳತಿಯಾಗಿದ್ದೆ. ಕೌನ್ಸಿಲ್ಲಿನವರು ವೆಂಬ್ಲಿಯಲ್ಲಿ ಕೆಳಮಹಡಿಯ ಫ್ಲ್ಯಾಟು ಕೊಟ್ಟಾಗ ಸಾಮಾನು ಜೋಡಿಸಿಕೊಟ್ಟೆ, ಕಿರಣನ ಚಾದರ ಬದಲಿಸಲು ಕಲಿತೆ. ಗುರುವಾರ ಮಧ್ಯಾಹ್ನ, ವನಜ ಅಂಗಡಿಯಲ್ಲಿರುವಾಗ, ಡಾಕ್ಟರು ಗುಟ್ಟಾಗಿ ಬರುತ್ತಾರೆಂದು ಕಿರಣನೇ ನನಗೊಮ್ಮೆ ಹೇಳಿದ. ಇಬ್ಬರೂ ಹಳೆಯ ಪಂದ್ಯಗಳ ಟೇಪು ಹಾಕಿಕೊಂಡು, ಯಾವ ಹುಡುಗ ಉಳಿಯುತ್ತಾನೆ ಎಂದು ತೂಗುತ್ತಿದ್ದರಂತೆ. ತನ್ನ ಬಗ್ಗೆ ಏನು ಬರೆದಿದ್ದಿರಿ ಎಂದು ಕೇಳಿದಾಗಲೆಲ್ಲ ವಹಿಯಲ್ಲಿದೆ ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದರಂತೆ.

ಕೊನೆಯ ಸಲ ಅವರನ್ನು ನೋಡಿದ್ದು ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ಹೊಟ್ಟೆಯ ಕ್ಯಾನ್ಸರು, ಮಂಕಿ ಕ್ಯಾಪಿನೊಳಗೆ ಮುಖ ಹುಡುಕಬೇಕಿತ್ತು. ರಕ್ತ ತೆಗೆಯಲು ಬಂದ ಎಳೆಯ ಡಾಕ್ಟರಮ್ಮನಿಗೆ ಎರಡು ಸಲ ಸೂಜಿ ತಪ್ಪಿತು. ಅವಳು ನಿಂತು, ಉಸಿರು ತೆಗೆದುಕೊಂಡು, ಕುರ್ಚಿ ಸರಿಮಾಡಿಕೊಂಡು ಮೂರನೆಯ ಸಲ ಚುಚ್ಚಿದಳು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, ತಗೋರಿ ಅಂತ ಬರಕೋ ಎಂದರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಅವರು ಅಳು ಮುಗಿಯುವವರೆಗೆ ಕಿಟಕಿಯ ಕಡೆ ನೋಡುತ್ತಿದ್ದರು.

“ನಾ ಹೊಂಟೆ. ಇನ್ನ ಆಕೀಗೆ ಬೈಯಾಕ ಯಾರೂ ಉಳಿಯಾಂಗಿಲ್ಲ. ವಹಿ ಆ ಹುಡುಗಗ ಕೊಡಾಕ ಹೇಳೀನಿ, ಅದು ಅವಂದು. ನನ್ನ ಅಕ್ಷರ ಓದಾಕಿ ನೀ ಒಬ್ಬಾಕಿನ ಅದಿ, ತಂಗಿ.”

ಅವರು ಸತ್ತು ಒಂದು ತಿಂಗಳಿಗೆ ವನಜಳ ಫೋನು ಬಂತು. ಆ ಮನುಷ್ಯನ ಒಂದು ಪುಸ್ತಕ ಬಂದಿದೆ, ತಾನು ಮುಟ್ಟುವುದಿಲ್ಲ, ಕಿರಣ ಹಟ ಹಿಡಿದಿದ್ದಾನೆ, ನೀನು ಬಂದು ಓದಿ ಮುಗಿಸು ಎಂದಳು. ಭಾನುವಾರ ಹೋದೆ. ಕಿಟಕಿಯಾಚೆ ಹೊಸ ಸ್ಟೇಡಿಯಮ್ಮಿನ ಕ್ರೇನುಗಳು ನಿಂತಿದ್ದವು. ಗಾಲಿಕುರ್ಚಿಯ ಹಲಗೆಯ ಮೇಲೆ ಕೆಂಪು ವಹಿ. ವನಜ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಕೇಳಿಸಿಕೊಳ್ಳಬಾರದೆಂದೇ ಅಷ್ಟು ಸದ್ದು ಮಾಡುತ್ತಿದ್ದಳು.

ಕಿರಣನ ಪುಟ ತೆರೆದು ಓದತೊಡಗಿದೆ. ಅವನ ವೇಗ, ತಿರುವು, ಬಿಲ್ಲೆ ಇಲ್ಲದಾಗಲೂ ಗೆಳೆಯನಿಗೆ ದಾರಿ ಮಾಡಿಕೊಡುವ ಗುಣ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಹೊಗಳಿಕೆ ಮುಗಿದಲ್ಲಿಗೆ ನನ್ನ ಬಾಯಿ ತಾನಾಗಿ ನಿಂತಿತು. ಏಳು ವರ್ಷದ ಹಿಂದೆ ಬೆರಳು ನಿಂತದ್ದೂ ಅಲ್ಲೇ.

ಅವನು ಕಣ್ಣು ತೆರೆದ. ಎಂದೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಹುಡುಗ ಕನ್ನಡದಲ್ಲಿ ಕೇಳಿದ.

“ಆಂಟಿ, ಮುಂದೆ?”

ಮುಂದಿನ ಮೂರು ಸಾಲು ಓದಿದೆ. ಧಾರವಾಡದ ಮಾತಿನಲ್ಲೇ, ಒಂದಕ್ಷರ ಬಿಡದೆ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಓದಿದೆ. ಈ ವರ್ಷ ಬ್ಯಾಡ ಎಂಬಲ್ಲಿ ನಲ್ಲಿಯ ಸದ್ದು ನಿಂತಿತು. ವನಜ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ವಿಚಾರಣೆಯಲ್ಲಿ ಕೇಳಿದ ವರದಿ ಅವಳಿಗೆ ಬಾಯಿಪಾಠವಾಗಿತ್ತು ಎಂದು ನನಗೆ ಗೊತ್ತು. ನನ್ನ ಮುಖ ನೋಡಿದಳು, ವಹಿ ನೋಡಿದಳು.

“ಟೈಪ್ ಮಾಡಿದ್ದು ನೀನು ಅಲ್ವಾ, ಸುಮತಿ?”

ಹೌದು, ನಾನೇ ಎಂದೆ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಆಗಿತ್ತು. ಇನ್ನು ವನಜ ಬೈಯಬೇಕಾದವಳು ಅವಳ ಎದುರಿಗೇ ಕೂತಿದ್ದಳು, ಅವಳಿಗೆ ಗೆಳತಿಯೆಂದು ಮಾತ್ರ ಯಾರೂ ಉಳಿದಿರಲಿಲ್ಲ.